ಮೊದಲು ಜಗಲಿ, ಆಮೇಲೆ ಕಪಾಟು

"ಸಂಜೆ ಹೊತ್ತು ಇಲ್ಲಿಗೆಲ್ಲ ಅಮ್ಮ ಕಳ್ಸಲ್ಲ ಚಿಕ್ಕಪ್ಪ."

ಹೀಗಂದವಳು ನನ್ನ ಅಣ್ಣನ ಮಗಳು. ಎಂಟನೇ ಕ್ಲಾಸು. ನಾವು ನಿಂತಿದ್ದು ಕುಣಿಗಲ್ ಸೀಮೆಯ ನಮ್ಮೂರಿನ ಕೆರೆ ಏರಿಯ ಪಕ್ಕ, ನಮ್ಮದೇ ಐದು ಗುಂಟೆ ಜಾಗದಲ್ಲಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ತೆಂಗಿನ ತೋಟ, ಎದುರಿಗೆ ಸೂರ್ಯ ಮುಳುಗೋ ಗುಡ್ಡ. ನನ್ನ ಕೈಯಲ್ಲಿ ದೊಡ್ಡ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದ ಪ್ಲಾನು. ಅಪ್ಪ ಇದೇ ಊರಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ಅವರು ತೀರಿಕೊಂಡ ಮೇಲೆ ಅವರ ಹೆಸರಲ್ಲಿ ಊರಿಗೊಂದು ಗ್ರಂಥಾಲಯ ಕಟ್ಟಬೇಕು ಅಂತ ನಾವು ಮಕ್ಕಳು, ಅವರ ಕೈಯಲ್ಲಿ ಓದಿದ ಒಂದಷ್ಟು ಜನ ಸೇರಿ ದುಡ್ಡು ಕೂಡಿಸಿದ್ದೆವು. ಕಟ್ಟಡದ ಉಸ್ತುವಾರಿ ನನ್ನದು. ನಾನು ಆರ್ಕಿಟೆಕ್ಟ್ ಅಲ್ಲ, ಬೆಂಗಳೂರಿನ ಸಾಫ್ಟ್‌ವೇರ್ ನೌಕರ. ಆರ್ಕಿಟೆಕ್ಟ್ ಗೆಳೆಯನೊಬ್ಬ ಪುಕ್ಕಟೆಯಾಗಿ ಡ್ರಾಯಿಂಗ್ ಮಾಡಿಕೊಟ್ಟಿದ್ದ. ಆರು ತಿಂಗಳ ಶನಿವಾರ, ಭಾನುವಾರಗಳನ್ನು ಅದಕ್ಕೆ ಸುರಿದಿದ್ದೆವು.

ಹುಡುಗಿ ಹೇಳಿದ್ದು ಒಂದೇ ವಾಕ್ಯ. ಅಣ್ಣ ನೆಲ ನೋಡ್ತಾ ನಿಂತ. ಅವನಿಗೂ ಗೊತ್ತಿತ್ತು, ನನ್ನ ಉತ್ಸಾಹ ನೋಡಿ ಸುಮ್ಮನಿದ್ದ ಅಷ್ಟೇ. ಊರಿನಿಂದ ಈ ಜಾಗಕ್ಕೆ ಒಂದೂಕಾಲು ಕಿಲೋಮೀಟರ್. ದಾರಿಯಲ್ಲಿ ದೀಪ ಇಲ್ಲ. ಶಾಲೆ ಬಿಟ್ಟು, ಮನೆ ಕೆಲಸ ಮುಗಿಸಿ ಹುಡುಗಿಯರಿಗೆ ಬಿಡುವು ಸಿಗೋದೇ ಕತ್ತಲಾಗೋ ಹೊತ್ತಿಗೆ. ಹಾಗಾದ್ರೆ ನಾನು ಇಷ್ಟು ದಿನ ಡಿಸೈನ್ ಮಾಡಿದ್ದು ಯಾರಿಗೆ?

ಸಿಟ್ಟು ಬಂತು, ಸುಳ್ಳು ಹೇಳಲ್ಲ. ವಾಪಸ್ ಬೆಂಗಳೂರಿಗೆ ಬರ್ತಾ ದಾರಿಯುದ್ದಕ್ಕೂ ಮನಸ್ಸಲ್ಲೇ ಜಗಳ ಆಡಿದೆ. ಆಮೇಲೆ ಕೂತು ಹುಡುಕೋಕೆ ಶುರು ಮಾಡಿದೆ. ಹಳ್ಳಿಗೆ ಹೊಂದುವ ಗ್ರಂಥಾಲಯ ಅನ್ನೋದನ್ನು ನನಗಿಂತ ಮುಂಚೆ ಯಾರ್ಯಾರು ಯೋಚಿಸಿದ್ದಾರೆ, ಎಲ್ಲಿ ಗೆದ್ದಿದ್ದಾರೆ? ಈ ಬರಹ ಆ ಹುಡುಕಾಟದ್ದು.

ಮೊದಲು, ನನ್ನ ತಲೆ ಕೆಡಿಸಿದ್ದ ಕಟ್ಟಡದ ವಿಷಯ. ಚೀನಾದ ಬೀಜಿಂಗ್ ನಗರದಿಂದ ಎರಡು ಗಂಟೆ ದಾರಿ, ಹುವೈರೌ ಜಿಲ್ಲೆಯ ಬೆಟ್ಟಗಳ ನಡುವೆ ಒಂದು ಪುಟ್ಟ ಹಳ್ಳಿ. ಅಲ್ಲಿ 2011ರಲ್ಲಿ ಲಿ ಷಿಯಾಡೊಂಗ್ ಎಂಬ ವಾಸ್ತುಶಿಲ್ಪಿ ಲಿಯುವಾನ್ ಗ್ರಂಥಾಲಯ ಕಟ್ಟಿದರು. ಬರೀ 175 ಚದರ ಮೀಟರ್. ಉಕ್ಕಿನ ಚೌಕಟ್ಟು, ಗಾಜಿನ ಗೋಡೆ, ಅದರ ಹೊರಗೆ ಉದ್ದಕ್ಕೂ ಸಾವಿರಾರು ಸೌದೆ ಕಡ್ಡಿ. ದೂರದಿಂದ ನೋಡಿದ್ರೆ ಬೆಟ್ಟ ಯಾವುದು, ಕಟ್ಟಡ ಯಾವುದು ಗೊತ್ತಾಗಲ್ಲ. ಒಳಗೆ ಮೇಜು ಕುರ್ಚಿಗಳ ಸಾಲಿಲ್ಲ. ನೆಲವೇ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತೆ, ಮೆಟ್ಟಿಲೇ ಪುಸ್ತಕದ ಗೂಡು, ಅಲ್ಲೇ ಕೂತು ಓದಬೇಕು. ಕಡ್ಡಿಗಳ ಸಂದಿಯಿಂದ ಬಿಸಿಲು ಸೋಸಿ ಬರುತ್ತೆ. 2014ರಲ್ಲಿ ಇದಕ್ಕೆ ಕೆನಡಾದ ಮೊರಿಯಾಮಾ ಪ್ರಶಸ್ತಿ ಬಂತು, ಒಂದು ಲಕ್ಷ ಕೆನಡಾ ಡಾಲರಿನದ್ದು.

ನನ್ನ ಪ್ಲಾನು ಇದರದೇ ತಮ್ಮ. ಸೌದೆ ಕಡ್ಡಿ ಬದಲು ಬಿದಿರು, ಬೆಟ್ಟದ ಬದಲು ಕೆರೆ. ನಿಧಾನಕ್ಕೆ ಓದ್ತಾ ಹೋದಾಗ ನನಗೆ ಎರಡು ವಿಷಯ ಹೊಳೀತು. ಒಂದು, ಆ ಕಡ್ಡಿಗಳು ಅಲಂಕಾರಕ್ಕೆ ಬಂದವಲ್ಲ. ಆ ಹಳ್ಳಿಯಲ್ಲಿ ಒಲೆ ಉರಿಸೋಕೆ ಪ್ರತಿ ಮನೆ ಮುಂದೆಯೂ ಅಂಥದ್ದೇ ಕಡ್ಡಿಗಳ ರಾಶಿ ಇರುತ್ತೆ. ವಾಸ್ತುಶಿಲ್ಪಿ ಊರಲ್ಲಿ ಕಣ್ಣಿಗೆ ಬಿದ್ದ ದಿನಬಳಕೆಯ ವಸ್ತುವನ್ನೇ ಎತ್ತಿಕೊಂಡಿದ್ದರು. ನಮ್ಮೂರಲ್ಲಿ ಯಾರ ಮನೆ ಮುಂದೆ ಬಿದಿರು ಇದೆ? ಅದನ್ನು ಮಲೆನಾಡಿನಿಂದ ಲಾರಿಯಲ್ಲಿ ತರಿಸಬೇಕಿತ್ತು. ಎರಡನೆಯದು, ಜಾಗ. ಊರಿನ ನಡುವೆ ಕಟ್ಟದೆ ಬೆಟ್ಟದ ಮಡಿಲಲ್ಲಿ ಕಟ್ಟಿದ್ದು ಅವರು ಬೇಕಂತಲೇ ಮಾಡಿದ ತೀರ್ಮಾನ. ಓದೋಕೆ ಅಂತ ಒಂದಷ್ಟು ನಡೆದು ಹೋದರೆ ಮನಸ್ಸು ತಿಳಿಯಾಗುತ್ತೆ ಅನ್ನೋದು ಅವರ ವಾದ. ಆದರೆ ಆ ನಡಿಗೆ ಐದು ನಿಮಿಷದ್ದು. ನಾನು ಅವರ ಕಡ್ಡಿಯನ್ನು ನಕಲು ಮಾಡಿದ್ದೆ, ಐದು ನಿಮಿಷವನ್ನು ಗಮನಿಸಿರಲಿಲ್ಲ.

ಜಾಗದ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಸಿಗೋದು ಎಸ್. ಆರ್. ರಂಗನಾಥನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಪಾಠ ಹೇಳ್ತಿದ್ದವರು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಬರೆದರು. ಮೊದಲ ಸೂತ್ರ ಕೇಳಿದ್ರೆ ಇದರಲ್ಲೇನಿದೆ ಅನ್ನಿಸುತ್ತೆ: ಪುಸ್ತಕ ಇರೋದು ಬಳಸೋಕೆ. ಆದರೆ ಒಂದು ಕಾಲದಲ್ಲಿ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕವನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟಿಡ್ತಿದ್ದರು. ಪುಸ್ತಕ ಅಂದ್ರೆ ಕಾಪಾಡಬೇಕಾದ ಆಸ್ತಿ. ಸರಪಳಿ ಬಿಚ್ಚಿದ ಮೇಲೂ ಆ ಮನಸ್ಥಿತಿ ಹೋಗಲಿಲ್ಲ. ಹಾಗಾಗಿ ಮೊದಲ ಸೂತ್ರದ ಅಧ್ಯಾಯದಲ್ಲೇ ರಂಗನಾಥನ್ ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಅಂತ ಒಂದೊಂದಾಗಿ ಬಿಡಿಸ್ತಾ ಹೋಗ್ತಾರೆ. ನನ್ನ ಮಾತಲ್ಲಿ ಹೇಳೋದಾದ್ರೆ, ಜನ ಬರಲಾಗದ ಜಾಗವೂ ಒಂದು ಸರಪಳಿಯೇ. ಕೆರೆ ಏರಿಯ ಮೇಲೆ ನಾನು ಕಟ್ಟಲು ಹೊರಟಿದ್ದು ಅದನ್ನೇ.

ಅದೇ 1931ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಇನ್ನೊಂದು ಕೆಲಸ ನಡೀತು. ಕನಕಸಭೈ ಪಿಳ್ಳೈ ಎಂಬ ಎಂಜಿನಿಯರ್ ಒಂದು ಎತ್ತಿನ ಗಾಡಿಯನ್ನೇ ಗ್ರಂಥಾಲಯ ಮಾಡಿದರು. ಗಾಡಿಯೊಳಗೆ ಪುಸ್ತಕ, ಮುಂದೆ ಎತ್ತು, ಹಳ್ಳಿ ಹಳ್ಳಿಗೆ ಸವಾರಿ. ಹಳ್ಳಿಗೆ ಹೊಂದುವ ಗ್ರಂಥಾಲಯ ಅಂದರೆ ಇದಕ್ಕಿಂತ ಬೇಕಾ? ಊರಿನ ದಾರಿಗೆ ಸರಿಯಾದ ಚಕ್ರ. ಮುರಿದರೆ ಊರಿನ ಬಡಗಿಯೇ ರಿಪೇರಿ ಮಾಡಬಹುದು. ದಾರಿ ನಡೆದು ಬರಲಾಗದವರ ಬಾಗಿಲಿಗೆ ಅದೇ ಬರುತ್ತೆ.

ಇದಕ್ಕೂ ಇಪ್ಪತ್ತು ವರ್ಷ ಮುಂಚೆ ಬರೋಡಾ ಸಂಸ್ಥಾನ ಇಂಥದ್ದೇ ದಾರಿ ಹಿಡಿದಿತ್ತು. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ಅಮೆರಿಕದ ಗ್ರಂಥಾಲಯಗಳನ್ನು ನೋಡಿ ಬಂದು, 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಲ್ಲಿನ ಗ್ರಂಥಪಾಲಕರನ್ನು ಕರೆಸಿಕೊಂಡರು. ಪಟ್ಟಣದಲ್ಲಿ ಕೇಂದ್ರ ಗ್ರಂಥಾಲಯ ಮಾಡಿದ್ದು ಸರಿ, ಜೊತೆಗೆ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಕಳಿಸೋ ಏರ್ಪಾಡನ್ನೂ ಮಾಡಿದರು. ಓದಿ ಮುಗಿದ ಮೇಲೆ ಪೆಟ್ಟಿಗೆ ವಾಪಸ್, ಬೇರೆ ಪೆಟ್ಟಿಗೆ ಬರುತ್ತೆ.

ಪೆಟ್ಟಿಗೆ ಅಂದಾಗ ನನಗೆ ಅಪ್ಪನ ಟ್ರಂಕು ನೆನಪಾಯ್ತು. ಹಸಿರು ಬಣ್ಣದ ತಗಡಿನ ಟ್ರಂಕು. ನಮ್ಮ ಹಳೇ ಮನೆಗೆ ಬೀದಿ ಉದ್ದಕ್ಕೂ ಮೊಣಕಾಲೆತ್ತರದ ಜಗಲಿ ಇತ್ತು. ಸಂಜೆ ಅಪ್ಪ ಟ್ರಂಕನ್ನು ಜಗಲಿಗೆ ತಂದಿಟ್ಟು ಮುಚ್ಚಳ ತೆಗೆದರೆ ಮುಗೀತು, ಅದೇ ಗ್ರಂಥಾಲಯ. ಹಾಲು ಹಾಕಿ ಬರೋರು, ಹೊಲದಿಂದ ಬರೋರು, ಆಟ ಮುಗಿಸಿದ ಮಕ್ಕಳು ಅಲ್ಲೇ ಕೂರೋರು. ಕೆಲವರು ಓದೋರು, ಕೆಲವರು ಓದಿಸಿ ಕೇಳೋರು. ಹೆಂಗಸರು ಒಳಗೆ ಬರಬೇಕಾಗಿರಲಿಲ್ಲ, ಬೀದಿಯಲ್ಲೂ ನಿಲ್ಲಬೇಕಾಗಿರಲಿಲ್ಲ. ಜಗಲಿ ಎರಡೂ ಅಲ್ಲ.

2009ರಲ್ಲಿ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದೆವು. ಜಗಲಿ ಇದ್ದ ಜಾಗದಲ್ಲಿ ಕಾಂಪೌಂಡು, ಗೇಟು, ಕಾರು ನಿಲ್ಲೋ ಜಾಗ ಬಂತು. ಟ್ರಂಕು ಅಟ್ಟ ಸೇರಿತು. ಅಪ್ಪ ಏನೂ ಅನ್ನಲಿಲ್ಲ, ಆದರೆ ಆಮೇಲೆ ಯಾರೂ ಪುಸ್ತಕ ಕೇಳಿಕೊಂಡು ಗೇಟು ತೆಗೆದು ಒಳಗೆ ಬಂದದ್ದು ನೆನಪಿಲ್ಲ. ಆ ಮನೆಗೆ ದುಡ್ಡು ಕಳಿಸಿದವನು ನಾನೇ, ಕಾರೂ ನಂದೇ. ಅಂದ್ರೆ ಊರಿನ ಒಂದು ಗ್ರಂಥಾಲಯವನ್ನು ಕೆಡವಿ, ಹತ್ತು ಹದಿನೈದು ವರ್ಷದ ಮೇಲೆ ಇನ್ನೊಂದನ್ನು ಕೆರೆ ಹತ್ತಿರ ಕಟ್ಟೋಕೆ ಹೊರಟಿದ್ದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹಳ್ಳಿಗಳಿಗೆ ಗ್ರಂಥಾಲಯ ಅನ್ನೋ ಯೋಚನೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದಿದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1965ರಲ್ಲಿ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಮಾಡಿತು. ನೀವು ಕಟ್ಟೋ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಶೇಕಡ 6 ಇರುತ್ತೆ. ಅದರ ಬೇರು ಈ ಕಾಯ್ದೆಯಲ್ಲಿದೆ. ಇವತ್ತು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅಂತ ಕರೀತಾರೆ. ನಮ್ಮ ಪಂಚಾಯ್ತಿಯದ್ದೂ ಇದೆ, ನಾಲ್ಕು ಕಿಲೋಮೀಟರ್ ಆಚೆ, ಪಂಚಾಯ್ತಿ ಊರಲ್ಲಿ. ಒಂದು ಪಂಚಾಯ್ತಿಗೆ ಹಲವು ಹಳ್ಳಿ, ಗ್ರಂಥಾಲಯ ಒಂದು. ಲೆಕ್ಕಕ್ಕೆ ಸರಿ. ನಮ್ಮ ಹುಡುಗಿಗೆ ಮಾತ್ರ ಅದೂ ಕೆರೆ ಏರಿಯಷ್ಟೇ ದೂರ.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಹೋಗಿ ಮುಟ್ಟಿದ್ದು ಆಫ್ರಿಕಾದ ಬುರುಂಡಿಗೆ. ಆ ದೇಶದ ಉತ್ತರಕ್ಕೆ ಮುಯಿಂಗಾ ಅಂತ ಊರು. ಅಲ್ಲಿ 2012ರಲ್ಲಿ ಬ್ರಸೆಲ್ಸ್‌ನ ಬಿಸಿ ಆರ್ಕಿಟೆಕ್ಟ್ಸ್ ತಂಡ ಒಂದು ಗ್ರಂಥಾಲಯ ಕಟ್ಟಿತು. ಕಿವಿ ಕೇಳದ ಮಕ್ಕಳಿಗಾಗಿ ಯೋಜಿಸಿದ್ದ ಶಾಲೆಯೊಂದರ ಮೊದಲ ಕಟ್ಟಡ ಅದು, ಊರಿನ ಎಲ್ಲರಿಗೂ ತೆರೆದಿರಬೇಕು ಅನ್ನೋದು ಉದ್ದೇಶ. ತಂಡದವರು ಮೊದಲು ಮಾಡಿದ ಕೆಲಸ ಸುತ್ತಮುತ್ತಲಿನ ಮನೆಗಳನ್ನು ನೋಡಿದ್ದು. ಯಾವ ಮಣ್ಣು, ಯಾವ ಮರ, ಜನ ಎಲ್ಲಿ ಕೂರ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಮನೆ ಮುಂದಿನ ಉದ್ದನೆಯ ಪಡಸಾಲೆ. ಭೇಟಿ, ಮಾತು, ವಿಶ್ರಾಂತಿ, ಯಾರಿಗೋ ಕಾಯೋದು, ಮಳೆ ನಿಲ್ಲೋ ತನಕ ನಿಲ್ಲೋದು, ಎಲ್ಲ ಅಲ್ಲೇ. ಓದ್ತಾ ಓದ್ತಾ ನಗು ಬಂತು. ಇದು ನಮ್ಮ ಜಗಲಿಯೇ ಅಲ್ವಾ!

ಅವರು ಆ ಪಡಸಾಲೆಯನ್ನು ಇನ್ನೂ ದೊಡ್ಡದು ಮಾಡಿ ಗ್ರಂಥಾಲಯದ ಬೆನ್ನೆಲುಬು ಮಾಡಿದರು. ಕಟ್ಟಡದ ಉದ್ದಕ್ಕೂ ಪಡಸಾಲೆ, ಓದೋ ಕೋಣೆಗೂ ಅದಕ್ಕೂ ನಡುವೆ ಕಂಬಗಳ ಮಧ್ಯೆ ಬಾಗಿಲುಗಳು. ಎಲ್ಲ ಬಾಗಿಲು ತೆರೆದರೆ ಒಳಗು ಹೊರಗು ಒಂದೇ. ಎದುರಿಗೆ ಬಯಲು, ಆಚೆಗೆ ಬುರುಂಡಿಯ ಬೆಟ್ಟಗಳು. ಅಂದ್ರೆ ನಾನು ಕೆರೆ ಹತ್ತಿರ ಹುಡುಕ್ತಿದ್ದ ನೋಟ ಅವರಿಗೂ ಸಿಕ್ಕಿತು, ಊರನ್ನು ಬಿಟ್ಟು ಹೋಗದೆ. ಬೀದಿ ಕಡೆಗೆ ಮಡಿಸೋ ಬಾಗಿಲುಗಳಿವೆ, ಗ್ರಂಥಾಲಯ ತೆಗೆದಿದೆಯೋ ಮುಚ್ಚಿದೆಯೋ ದೂರದಿಂದಲೇ ಕಾಣುತ್ತೆ. ಬೋರ್ಡು ಬೇಡ.

ಕಟ್ಟಿದ ರೀತಿಯೂ ಹಾಗೇ, ಒಂದಕ್ಕೊಂದು ಕಾರಣ. ಗೋಡೆಗೆ ಸುಡದ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಮಣ್ಣಿನ ಇಟ್ಟಿಗೆಗೆ ಅಡ್ಡಬಲ ಕಡಿಮೆ, ಹಾಗಾಗಿ 1.3 ಮೀಟರಿಗೊಂದು ದಪ್ಪ ಕಂಬ. ಚಾವಣಿಗೆ ಅಲ್ಲೇ ಸಿಗೋ ನೀಲಗಿರಿ ಮರ, ಅಲ್ಲೇ ಸುಟ್ಟ ಹೆಂಚು. ಮಳೆ ಜಾಸ್ತಿ, ಅದಕ್ಕೆ ಇಳಿಜಾರು ಕಡಿದು, ಸೂರು ಗೋಡೆಯಿಂದ ಸಾಕಷ್ಟು ಹೊರಗೆ ಚಾಚಿದೆ. ಆ ಸೂರಿನ ನೆರಳೇ ಪಡಸಾಲೆ. ಎತ್ತರದ ಕೋಣೆ, ಗೋಡೆಯಲ್ಲಿ ಸಂದಿ ಬಿಟ್ಟು ಕಟ್ಟಿದ ಇಟ್ಟಿಗೆ, ಗಾಳಿ ತಾನಾಗಿ ಓಡಾಡುತ್ತೆ. ಮಕ್ಕಳಿಗೆ ಮಾತ್ರ ಒಂದು ಮಜಾ ಇಟ್ಟಿದ್ದಾರೆ. ಮೇಲೆ ಕತ್ತಾಳೆ ನಾರಿನ ಹಗ್ಗದಿಂದ ಹೆಣೆದ ದೊಡ್ಡ ಬಲೆ ಕಟ್ಟಿದ್ದಾರೆ, ಅದರ ಮೇಲೆ ಬಿದ್ದುಕೊಂಡು ಓದಬಹುದು. ಕತ್ತಾಳೆ ನಮ್ಮ ಹೊಲದ ಬದುವಿನಲ್ಲೂ ಇದೆ, ನಾವು ಅದನ್ನು ಬೇಲಿ ಅಂತ ಮಾತ್ರ ನೋಡಿದ್ದೇವೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇಟ್ಟಿಗೆ ಯಂತ್ರ. ಮುಯಿಂಗಾದವರಿಗೆ ಬೇಕಿದ್ದ ಯಂತ್ರಗಳು ಅಲ್ಲೇ ಧೂಳು ಹಿಡಿದು ಬಿದ್ದಿದ್ದವಂತೆ, ಒರೆಸಿ ಮತ್ತೆ ಕೆಲಸಕ್ಕೆ ಹಚ್ಚಿದರು. ಕೈಯಿಂದ ಒತ್ತೋ ಇಂಥ ಯಂತ್ರಕ್ಕೊಂದು ಚರಿತ್ರೆ ಇದೆ. 1950ರ ದಶಕದಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಚಿಲಿ ದೇಶದ ರೌಲ್ ರಾಮಿರೆಜ್ ಎಂಬ ಎಂಜಿನಿಯರ್ ಬಡವರ ಮನೆಗಳಿಗೆ ಅಂತ ಸಿನ್ವಾ ರಾಮ್ ಅನ್ನೋ ಒತ್ತುಯಂತ್ರ ಮಾಡಿದರು. ಅದರ ವಂಶ ದೇಶ ದೇಶಗಳಿಗೆ ಹರಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದ್ದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯೋದು ಅದರ ಕೆಲಸ. ಅಸ್ತ್ರ ಒಲೆ ಅಂತ ನಿಮ್ಮ ಅಜ್ಜಿ ಹೇಳಿದ್ದು ಕೇಳಿರ್ತೀರಿ, ಅದೇ ಅಸ್ತ್ರ. ಅಲ್ಲೇ ಕೆ. ಎಸ್. ಜಗದೀಶ್ ಮತ್ತು ಜೊತೆಯವರು ಒತ್ತಿದ ಮಣ್ಣಿನ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಸ್ತ್ರ ತನ್ನ ಹಳ್ಳಿ ಕೇಂದ್ರ ಇಟ್ಟುಕೊಂಡಿದ್ದು ಎಲ್ಲಿ ಗೊತ್ತಾ? ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ನಮ್ಮ ತಾಲ್ಲೂಕಿನಲ್ಲೇ! ನಾನು ಚೀನಾಕ್ಕೂ ಬುರುಂಡಿಗೂ ಹೋಗಿ ಬಂದು ಮನೆ ಹಿತ್ತಲಿಗೆ ಬಂದು ನಿಂತಿದ್ದೆ.

ಮುಂದಿನ ಶನಿವಾರ ಊರಿಗೆ ಹೋದಾಗ ಪ್ಲಾನು ಒಯ್ಯಲಿಲ್ಲ. ಅಣ್ಣನ ಮಗಳನ್ನೇ ಕೇಳಿದೆ. "ಸಂಜೆ ಹೊತ್ತು ಎಲ್ಲಿಗೆ ಕಳಿಸ್ತಾರೆ ನಿನ್ನ?"

"ಡೈರಿಗೆ. ದಿನಾ ಹಾಲು ಹಾಕಕ್ಕೆ ನಾನೇ ಅಲ್ವಾ ಹೋಗೋದು."

ಅಲ್ಲಿಗೆ ಉತ್ತರ ಸಿಕ್ಕಿತು. ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನ ಪ್ರತಿ ಮನೆಯಿಂದ ಒಬ್ಬರಾದರೂ ಕ್ಯಾನು ಹಿಡಿದು ಹಾಲಿನ ಡೈರಿಗೆ ಬರ್ತಾರೆ. ಅರ್ಧಕ್ಕರ್ಧ ಹೆಂಗಸರು, ಹುಡುಗಿಯರು. ಲೈಟ್ ಇದೆ, ಜನ ಇದ್ದಾರೆ, ಹೋಗಿ ಬರೋಕೆ ಯಾರನ್ನೂ ಕೇಳಬೇಕಿಲ್ಲ. ಡೈರಿ ಎದುರಿಗೆ ನಮ್ಮ ದೂರದ ನೆಂಟರೊಬ್ಬರ ಬಿದ್ದುಹೋದ ಮನೆ ಇತ್ತು. ಅವರಿಗೆ ಕೆರೆ ಪಕ್ಕದ ನಮ್ಮ ಐದು ಗುಂಟೆ ಕೊಟ್ಟು ಆ ಮನೆ ಜಾಗ ತಗೊಳ್ಳೋದು ಅಂತ ಯೋಚನೆ ಬಂತು.

ಅಣ್ಣ ಒಪ್ಪಲಿಲ್ಲ. "ಅಪ್ಪ ಸಂಪಾದ್ಸಿದ್ದು ಅದೊಂದೇ ಕಣೋ. ಅವರ ಹೆಸ್ರಲ್ಲಿ ಕಟ್ಟೋಕೆ ಅವರ ಜಮೀನೇ ಕಳ್ಕೊಳ್ಳೋದಾ?" ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಎರಡು ತಿಂಗಳು ಮಾತು ಬಿಟ್ಟಿದ್ದೆವು. ಕೊನೆಗೆ ಅವನೇ ಒಂದು ದಿನ ಅಟ್ಟದಿಂದ ಟ್ರಂಕು ಇಳಿಸಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ. ಕೆಳಗೆ ಒಂದೇ ಸಾಲು: "ರಿಜಿಸ್ಟ್ರಿಗೆ ಯಾವತ್ತು ಬರ್ತೀಯ?"

ಹೊಸ ಪ್ಲಾನಿನಲ್ಲಿ ಮೊದಲು ಬರೆದಿದ್ದು ಜಗಲಿ. ಬೀದಿ ಉದ್ದಕ್ಕೂ, ಏಳಡಿ ಅಗಲ, ಮೊಣಕಾಲೆತ್ತರ, ಹಾಲಿನ ಕ್ಯಾನು ಇಡೋಕೂ ಕೂರೋಕೂ ಆಗೋ ಹಾಗೆ. ಅದರ ಹಿಂದೆ ಒಂದೇ ಉದ್ದನೆಯ ಕೋಣೆ, ಮಡಿಸೋ ಬಾಗಿಲು. ಬಿದ್ದ ಮನೆಯ ಅಡಿಪಾಯದ ಕಲ್ಲನ್ನೇ ತಳಪಾಯಕ್ಕೆ ಹಾಕಿದೆವು. ಅದೇ ಜಾಗದ ಕೆಮ್ಮಣ್ಣಿಗೆ ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಇಟ್ಟಿಗೆ ಒತ್ತಿದೆವು. ಸುಡೋ ಸೌದೆ ಉಳೀತು, ಮೂರು ವಾರ ನೀರು ಹಾಕಿ ಹದ ಮಾಡೋ ಕೆಲಸ ಮಾತ್ರ ತಪ್ಪಲಿಲ್ಲ. ಚಾವಣಿಗೆ ಕೆಡವಿದ ಮನೆಗಳಿಂದ ಕೊಂಡ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಆ ಹೆಂಚು ನಮ್ಮ ಕಡೆ ಎಷ್ಟು ಒಗ್ಗಿಹೋಗಿದೆ ಅಂದ್ರೆ, ಅದು ಹೊರಗಿನಿಂದ ಬಂದದ್ದು ಅಂತ ಯಾರಿಗೂ ಅನ್ನಿಸಲ್ಲ. ಊರಿಗೆ ಹೊಂದೋದು ಅಂದ್ರೆ ಹಳೇದೇ ಆಗಿರಬೇಕು ಅಂತೇನಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಸೂರು ಎಷ್ಟು ಚಾಚಬೇಕು ಅಂತ ಗೆಳೆಯ ಲ್ಯಾಪ್‌ಟಾಪಿನಲ್ಲಿ ಬಿಸಿಲಿನ ಕೋನ ಲೆಕ್ಕ ಹಾಕ್ತಿದ್ದ. ಮೇಸ್ತ್ರಿ ಇಣುಕಿ ನೋಡಿ, "ಮೇಲಿಂದ ನೆನೀಬಾರ್ದು, ಬುಡದಲ್ಲಿ ತೇವ ಹಿಡೀಬಾರ್ದು. ಮಣ್ಣಿನ ಗೋಡೆಗೆ ಅಷ್ಟೇ ಕಣಪ್ಪ. ಮೂರಡಿ ಬಿಡಿ" ಅಂದ. ಲೆಕ್ಕವೂ ಹೆಚ್ಚೂ ಕಡಿಮೆ ಅಲ್ಲಿಗೇ ಬಂತು.

ನಾವು ಕಳೆದುಕೊಂಡಿದ್ದೂ ಇದೆ. ಜಗಲಿ ಮೇಲೆ ಕೂತರೆ ಕೆರೆ ಕಾಣಲ್ಲ. ಕಾಣೋದು ಡೈರಿ, ಅರಳಿ ಕಟ್ಟೆ, ಕರೆಂಟ್ ಕಂಬ, ಹಾದುಹೋಗೋ ಟ್ರ್ಯಾಕ್ಟರು. ಮೂರು ವರ್ಷದ ಮೇಲೆ ಹೊಸ ಪುಸ್ತಕಕ್ಕೆ ದುಡ್ಡು ಎಲ್ಲಿಂದ ಅನ್ನೋದೂ ಬಗೆಹರಿದಿಲ್ಲ. ಬೀಗದ ಕೈ ಯಾರ ಹತ್ತಿರ ಅನ್ನೋದು ಮಾತ್ರ ತೀರ್ಮಾನ ಆಗಿದೆ. ಡೈರಿಯಲ್ಲಿ ಹಾಲು ಅಳೆಯೋ ಹೆಂಗಸು ಇಟ್ಟುಕೊಳ್ತಾರೆ. ಡೈರಿ ತೆಗೆದರೆ ಗ್ರಂಥಾಲಯವೂ ತೆಗೆದ ಹಾಗೆ.

ಕಳೆದ ವಾರ ಹೋದಾಗ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಚಾವಣಿ ಇಲ್ಲ, ಕಪಾಟಿಲ್ಲ. ಜಗಲಿಗೆ ಮಾತ್ರ ಗಾರೆ ಆಗಿತ್ತು. ಸಂಜೆ ಆರೂವರೆ. ಜಗಲಿ ಮೇಲೆ ಏಳೆಂಟು ಖಾಲಿ ಕ್ಯಾನು, ಇಬ್ಬರು ಅಜ್ಜಿಯರು, ಮೊಬೈಲ್ ಹಿಡಿದ ಮೂವರು ಹುಡುಗರು. ಒಂದು ತುದಿಯಲ್ಲಿ ಅಣ್ಣನ ಮಗಳು ಟ್ರಂಕಿನಿಂದ ತಂದ ಪುಸ್ತಕ ಹಿಡಿದು ಕೂತಿದ್ದಳು. ಡೈರಿ ಲೈಟಿನ ಬೆಳಕು ಅವಳ ಪುಟದವರೆಗೂ ಬರ್ತಿತ್ತು.

"ಕತ್ತಲಾಯ್ತು, ಮನೆಗೆ ಹೋಗಲ್ವಾ?" ಅಂದೆ.

"ಹಾಲು ಹಾಕಕ್ಕೆ ಬಂದಿದೀನಿ ಚಿಕ್ಕಪ್ಪ" ಅಂದಳು. ಕ್ಯಾನು ಆಗಲೇ ಖಾಲಿಯಾಗಿ ಪಕ್ಕದಲ್ಲಿತ್ತು.